ಟಿ.ವಿ.ಗೆ ಬೆನ್ನು ಮಾಡಿ ಕೂತ ನಮ್ಮತ್ತೆ

ಹೆದರಿಸುವ ಪುಸ್ತಕ ಓದುವ ಚಪಲ ನನಗೆ ಮೊದಲಿನಿಂದಲೂ ಇದೆ. ದೆವ್ವದ ಕಥೆಗಳಲ್ಲ, ದೆವ್ವಗಳಿಗೆ ನಮ್ಮ ನ್ಯಾಮತಿಯಲ್ಲಿ ಯಾರೂ ಅಷ್ಟು ಮರ್ಯಾದೆ ಕೊಡುತ್ತಿರಲಿಲ್ಲ. ನನ್ನನ್ನು ಹೆದರಿಸುತ್ತಿದ್ದುದು ಮುಂದಿನ ಕಾಲದ ಕಥೆಗಳು. ಹೊನ್ನಾಳಿಯ ಲೈಬ್ರರಿಯಿಂದ ತರುತ್ತಿದ್ದ ಆ ಪುಸ್ತಕಗಳಲ್ಲಿ ಊರಿಗೆ ಊರೇ ಪರದೆಯ ಮುಂದೆ ಕೂತಿರುತ್ತದೆ. ಗಂಡನಿಗೆ ಹೆಂಡತಿಯ ದನಿ ಮರೆತುಹೋಗಿರುತ್ತದೆ. ಪಕ್ಕದ ಮನೆಯವನು ಸತ್ತದ್ದು ವಾಸನೆ ಬಂದ ಮೇಲೆ ತಿಳಿಯುತ್ತದೆ. ಓದಿ ನಿಟ್ಟುಸಿರುಬಿಟ್ಟು, ‘ಸದ್ಯ, ನಾವು ಹಾಗಿಲ್ಲ’ ಎಂದುಕೊಂಡು ಮಜ್ಜಿಗೆ ಕಡೆಯಲು ಏಳುತ್ತಿದ್ದೆ. ಇಂಥ ಕಥೆಗಳ ಸುಖವೇ ಅದು, ಕೆಟ್ಟುಹೋದವರು ಯಾವಾಗಲೂ ಬೇರೆಯವರು!

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಯಜಮಾನರು ಟಿ.ವಿ. ತಂದರು. ಓಣಿಗೆ ಅದೇ ಮೊದಲನೆಯದು. ಭಾನುವಾರ ಬೆಳಗಿನ ಧಾರಾವಾಹಿಗೆ ಪಡಸಾಲೆ ತುಂಬಿ, ಜಗುಲಿ ತುಂಬಿ, ಕೊನೆಗೆ ಬೀದಿಯಲ್ಲೂ ಜನ ನಿಲ್ಲುತ್ತಿದ್ದರು. ಅವರಿಗೂ ಕೇಳಲೆಂದು ಸದ್ದು ಜೋರು ಮಾಡುತ್ತಿದ್ದೆವು. ಆ ಪುಸ್ತಕ ಬರೆದವರು ಬಂದು ನೋಡಲಿ, ನಮ್ಮ ಟಿ.ವಿ. ಓಣಿಯನ್ನು ಹೇಗೆ ಒಂದುಗೂಡಿಸಿದೆ ಎಂದು ಊರ ಶಾಲೆಯ ಟೀಚರಮ್ಮನಾದ ನನಗೆ ಒಳಗೊಳಗೇ ಹೆಮ್ಮೆ.

ನಮ್ಮತ್ತೆ ಒಬ್ಬರೇ ಟಿ.ವಿ.ಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವರು ಜಗಳೂರು ಸೀಮೆಯ ಬಿಳಿಚೋಡಿನವರು.

“ಈ ಕಡೆ ತಿರುಗ್ರೀ ಅತ್ತೆ,” ಎಂದರೆ, “ಅದ್ರಾಗಿನ ಮಂದಿ ನನ್ನೇನು ಮಾತಾಡಿಸ್ತಾರಾ? ನೀವು ನಗೋದು, ಅಳೋದು ನೋಡಾಕೇ ನಂಗೆ ಚಂದ ಐತೆ,” ಎನ್ನುತ್ತಿದ್ದರು. ನಾವು ನಕ್ಕು ಮತ್ತೆ ಪರದೆಗೆ ತಿರುಗುತ್ತಿದ್ದೆವು.

ಒಂದು ಭಾನುವಾರ ಧಾರಾವಾಹಿಯಲ್ಲಿ ಯುದ್ಧ ಕಾವೇರಿತ್ತು. ಅತ್ತೆ ಇದ್ದಕ್ಕಿದ್ದಂತೆ, “ಸರ್ವಮಂಗಳ ಎಲ್ಲವ್ವಾ?” ಎಂದರು. ಸರ್ವಮಂಗಳ ಎರಡು ಮನೆಯಾಚೆ ರವಿಕೆ ಹೊಲಿಯುತ್ತಿದ್ದವಳು. ಗಂಡ ಲಾರಿ ಡ್ರೈವರ್, ಊರಲ್ಲಿರುವುದು ಕಡಿಮೆ. ಕಂಬಕ್ಕೊರಗಿ ಕೂತು ಎಲ್ಲರಿಗಿಂತ ಮೊದಲು ಅಳುವವಳು ಅವಳೇ. “ಬರ್ತಾಳೆ ಬಿಡ್ರೀ,” ಎಂದೆ, ಪರದೆಯಿಂದ ಕಣ್ಣು ಕೀಳದೆ.

ಅತ್ತೆ ಎದ್ದವರೇ ಟಿ.ವಿ. ಆರಿಸಿಬಿಟ್ಟರು.

ಪಡಸಾಲೆ ಹೋ ಎಂದಿತು. “ಏನ್ ಅಜ್ಜಿ ಇದು!” ಎಂದು ಜಗುಲಿಯಿಂದ ಯಾರೋ ರೇಗಿದರು.

“ಒಂದು ಗಳಿಗೆ ಸುಮ್ನಿರ್ರಿ. ಏನೋ ಕೇಳಿಸ್ತೈತೆ.”

ಗದ್ದಲ ಅಡಗಿತು. ಆಗ ಎಲ್ಲರಿಗೂ ಕೇಳಿಸಿತು: ಕ್ಷೀಣವಾಗಿ, “ಯಾರಾರಾ ಬರ್ರೀ...”

ಓಡಿದೆವು. ಅಟ್ಟದಿಂದ ಬಟ್ಟೆಗಂಟು ಇಳಿಸಲು ಹೋಗಿ ಸರ್ವಮಂಗಳ ಏಣಿಸಮೇತ ಬಿದ್ದಿದ್ದಳು. ಕಾಲು ಮುರಿದಿತ್ತು, ಹಣೆ ಒಡೆದು ರಕ್ತ ಸೋರುತ್ತಿತ್ತು. ಅಡಿಕೆ ವ್ಯಾಪಾರದ ಶಿವಣ್ಣ ತನ್ನ ಜೀಪು ತಂದ. ಶಿವಮೊಗ್ಗದವರೆಗೆ ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯಲ್ಲಿ ಕಣ್ಣು ಬಿಟ್ಟು, “ಆಗ್ಲಿಂದ ಕೂಗ್ತಿದ್ನಲ್ಲ ಟೀಚರಮ್ಮ, ಕೇಳ್ಲಿಲ್ವೇನ್ರೀ?” ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ, ಬರೀ ಅಚ್ಚರಿಯಿತ್ತು. ನಾನು ಓದಿದ್ದ ಯಾವ ಪುಸ್ತಕವೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ಇನ್ನು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆ ಮನೆಗೆ ಬಂದು ಅತ್ತೆಯ ಕಾಲು ಮುಟ್ಟಿದೆ. “ಇದ್ಯಾಕವ್ವಾ? ಮೊದ್ಲು ಉಣ್ಣು, ಬೆಳಗಿಂದ ಏನೂ ತಿಂದಿಲ್ಲ,” ಎಂದರು. ಅದನ್ನೂ ಅವರೇ ಗಮನಿಸಿದ್ದರು. ಮುಂದಿನ ಕಾಲವನ್ನು ಕಂಡು ಹೇಳುವವರು ಬೇಕು, ನಿಜ. ಆದರೆ ಇಂದು ಯಾರು ಬಂದಿಲ್ಲ ಎಂದು ಕೇಳುವ ಒಬ್ಬರು ನಮ್ಮ ಮನೆಯಲ್ಲಿದ್ದರಲ್ಲ, ಆ ಭಾಗ್ಯವನ್ನು ನೆನೆದು ಇಂದಿಗೂ ಕೈಮುಗಿಯುತ್ತೇನೆ.

ಸರ್ವಮಂಗಳ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮರಳಿದಳು. ನಡೆಯುವಂತಿರಲಿಲ್ಲ. ಬಂದ ಭಾನುವಾರ ಯಜಮಾನರೂ ಶಿವಣ್ಣನೂ ಟಿ.ವಿ.ಯನ್ನು ಆಂಟೆನಾಸಮೇತ ಅವಳ ಮನೆಗೇ ಹೊತ್ತೊಯ್ದರು. ಪರದೆಯ ತುಂಬ ಬರೀ ಚುಕ್ಕಿ. ಇಬ್ಬರೂ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸತೊಡಗಿದರು. ಕೆಳಗೆ ಸರ್ವಮಂಗಳ ಆಸ್ಪತ್ರೆಯ ಕಥೆ ಶುರುಮಾಡಿದಳು. ನರ್ಸಮ್ಮನ ನಡಿಗೆಯನ್ನು ಮಂಚದ ಮೇಲೇ ಕೂತು ಅಣಕಿಸಿ ತೋರಿಸಿದಾಗ ನಮಗೆ ನಕ್ಕು ನಕ್ಕು ಕಣ್ಣೀರು. ಅಷ್ಟರಲ್ಲಿ ಚಿತ್ರ ಬಂದೇಬಿಟ್ಟಿತು. “ಬಂತೇನ್ರೀ? ಬಂತೇನ್ರೀ?” ಎಂದು ಮಾಡಿನ ಮೇಲಿನವರು ಪಾಪ, ಕೂಗುತ್ತಲೇ ಇದ್ದರು. ಟಿ.ವಿ.ಗೆ ಬೆನ್ನು ಮಾಡಿ ಸರ್ವಮಂಗಳಳ ಕಥೆ ಕೇಳುತ್ತಿದ್ದ ನಮಗ್ಯಾರಿಗೂ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.