ಬದುವಿನ ಮೇಲೊಂದು ಜಿಪಿಎಸ್ಸು

ಹಿತ್ತಿಲ ಕಲ್ಲುಬೆಂಚಿನ ಮೇಲೆ ಕೂತು ನಾನು ಮಂಡಕ್ಕಿ ತಿನ್ನುತ್ತಿದ್ದೆ. ಹೆಂಡತಿಯ ಟ್ಯಾಬ್ಲೆಟ್ಟಿನ ಪ್ರಕಾರ ಮಾತ್ರ ನಾನು ಆಗ ಪಕ್ಕದ ಮನೆಯವರ ಬಾವಿಯೊಳಗಿದ್ದೆ. ನಕ್ಷೆಯ ನೀಲಿ ಚುಕ್ಕೆ ಅಲ್ಲೇ ಮಿಣುಕುತ್ತಿತ್ತು. ಆಯುಷ್ಯವೆಲ್ಲ ಶಿಕಾರಿಪುರದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತನಾದವನಿಗೆ ಇದಕ್ಕಿಂತ ಅವಮಾನ ಬೇಕೆ? ನಾನು ನಕ್ಕೆ. ಸುಮಾ ನಗಲಿಲ್ಲ.

ಅವಳು ನಗದಿರಲು ಕಾರಣವಿತ್ತು. ಮಹಿಳಾ ಸಂಘದ ಕಡೆಯಿಂದ ತರಬೇತಿ ಪಡೆದು ಅವಳೀಗ ಹೊಲಗಳಿಗೆ ಔಷಧಿ ಹೊಡೆಯುವ ಡ್ರೋನ್ ಹಾರಿಸುತ್ತಾಳೆ. ಊರೂರಲ್ಲಿ ಅವಳು ಡ್ರೋನ್ ಅಕ್ಕ. ನಾನು ಡ್ರೋನ್ ಅಕ್ಕನ ಯಜಮಾನರು. ನೀರಿನ ಕ್ಯಾನು ಹೊರುವುದು, ಬ್ಯಾಟರಿ ಕಾಯುವುದು ನನ್ನ ಪಾಲಿನ ಸೇವೆ. ಡ್ರೋನ್ ಏಳುವ ಮೊದಲು ಟ್ಯಾಬ್ಲೆಟ್ಟು ಹಿಡಿದು ಹೊಲದ ಸುತ್ತ ನಡೆಯುವವನೂ ನಾನೇ. ನಾನು ನಡೆದ ಗೆರೆಯೇ ಅದಕ್ಕೆ ಬೇಲಿ. ಗೆರೆಯೊಳಗೆ ಎಲ್ಲೆಲ್ಲೂ ಹೊಡೆಯುತ್ತದೆ, ಆಚೆ ಹನಿಯೂ ಚೆಲ್ಲಬಾರದು. ನಡೆಯುವವನನ್ನೇ ಬಾವಿಗೆ ತಳ್ಳುವ ಟ್ಯಾಬ್ಲೆಟ್ಟು ಬೇಲಿಯನ್ನು ಎಲ್ಲಿ ಹಾಕೀತು?

ಬಂದಳಿಕೆ ಊರಿನ ದಾರಿಯಲ್ಲಿ ಶಿವಣ್ಣನ ಮೆಕ್ಕೆಜೋಳದ ಹೊಲವಿದೆ. ಸುಳಿಗೆ ಲದ್ದಿಹುಳು ಬಿದ್ದಿತ್ತು. ಅದರ ಬದುವಿಗೆ ಅಂಟಿಕೊಂಡು ಹನುಮವ್ವನ ಬೀಳುನೆಲ. ಅಲ್ಲಿ ಅವಳ ಕುರಿಗಳು ಮೇಯುತ್ತವೆ. ಹಿಂದಿನ ವರ್ಷ ಯಾರದೋ ಪಂಪಿನ ಔಷಧಿ ಗಾಳಿಗೆ ಹಾರಿ ಹುಲ್ಲಿನ ಮೇಲೆ ಕೂತಿತ್ತು. ಆ ಹುಲ್ಲು ಮೇಯ್ದ ಮರಿಗಳು ಅವಳ ಕಣ್ಣೆದುರೇ ಒದ್ದಾಡಿ ಸತ್ತಿದ್ದವು. ಹುಳುವಿಗೆ ವಿಷವಾದದ್ದನ್ನು ನಾವು ಬಾಯಿತುಂಬ ಔಷಧಿ ಎನ್ನುತ್ತೇವೆ. ಕುರಿಗೆ ಆ ನಯ ತಿಳಿಯುವುದಿಲ್ಲ. ಶಿವಣ್ಣ ಡ್ರೋನ್ ಕರೆಸುತ್ತಾನೆಂದು ಕೇಳಿದ ಹನುಮವ್ವ ನಮ್ಮ ಮನೆತನಕ ಬಂದು ಸುಮಾಳ ಕೈ ಹಿಡಿದುಕೊಂಡಳು.

"ಯವ್ವಾ, ಉಳಿದಿರವು ಇಷ್ಟೇ ಅದಾವು. ನನ್ನ ಹುಲ್ಲಿನ ಮ್ಯಾಲೆ ಬೀಳಂಗಿಲ್ಲಲ್ಲ?"

ಬೀಳುವುದಿಲ್ಲ ಎಂದು ಸುಮಾ ಮಾತು ಕೊಟ್ಟಳು. ಕೊಟ್ಟ ಮೇಲೆ ಅವಳಿಗೆ ಊಟ ಸೇರಲಿಲ್ಲ.

ಹೀಗೆ ಶುರುವಾಯಿತು ನಮ್ಮ ಜಿಪಿಎಸ್ ಅನ್ವೇಷಣೆ. ಟ್ಯಾಬ್ಲೆಟ್ಟಿನ ಹೊರಗೆ ಬೇರೆಯಾಗಿ ಒಂದು ರಿಸೀವರ್ ಇಟ್ಟು ಬ್ಲೂಟೂತಿನಲ್ಲಿ ಜೋಡಿಸಿದರೆ ಚುಕ್ಕೆ ಸರಿಯಾದ ಜಾಗದಲ್ಲಿ ನಿಲ್ಲುತ್ತದಂತೆ. ಮೊಬೈಲಿನಲ್ಲಿ ಹುಡುಕಿದರೆ ಕುದುರೆಯ ಬೆಲೆಯದೂ ಇದೆ, ಕೋಳಿಯ ಬೆಲೆಯದೂ ಇದೆ. ಸರ್ವೆಯವರು ಕೋಲಿನ ತುದಿಗೆ ಸಿಕ್ಕಿಸುವಂಥದ್ದು ಕೂದಲೆಳೆ ತಪ್ಪುವುದಿಲ್ಲ, ಆದರೆ ಅದಕ್ಕೆ ಕೊಡುವ ಹಣದಲ್ಲಿ ಹನುಮವ್ವನಿಗೆ ಇನ್ನೊಂದು ಹಿಂಡೇ ಬಂದೀತು. ತೀರ ಅಗ್ಗದ್ದು ಸುಮ್ಮನೆ ನಿಂತರೂ ಕುಡುಕನ ಹಾಗೆ ಅತ್ತಿತ್ತ ವಾಲುತ್ತದೆ ಎಂದು ಕೊಂಡವರೇ ಬರೆದಿದ್ದರು. ಕೊನೆಗೆ ನಡುವಿನದೊಂದನ್ನು, ಬೆಂಕಿಪೊಟ್ಟಣದಷ್ಟು ಗಾತ್ರದ್ದನ್ನು, ಬೇಡವಾದರೆ ಹಿಂದಿರುಗಿಸಬಹುದೆಂಬ ಧೈರ್ಯದ ಮೇಲೆ ತರಿಸಿದೆವು. ನಮ್ಮ ದೇಶದ ಉಪಗ್ರಹಗಳ ಜೊತೆ ಹೊರದೇಶದವನ್ನೂ ಅದು ಕೇಳಿಸಿಕೊಳ್ಳುತ್ತದೆ. ಬಯಲಲ್ಲಿ ಯಾವುದಾದರೂ ನಡೆದೀತು, ಮರ ಮುಸುಕಿದ ಕಡೆ ನೋಡೋಣ ಎಂದು ಸೊರಬದ ನಾದಿನಿಯ ಮನೆಗೆ ಒಯ್ದೆ. ಹಲಸಿನ ಮರದಡಿ ಕಲ್ಲಿನ ಮೇಲಿಟ್ಟು ಕಾದೆ. ಚುಕ್ಕೆ ಒಂದು ಹೆಜ್ಜೆಗಿಂತ ಹೆಚ್ಚು ಕದಲಲಿಲ್ಲ. ಕಾಫಿ ತಂದ ನಾದಿನಿ, ಭಾವ ಕಲ್ಲಿಗೆ ಕಾವಲು ಕೂತಿದಾರೆ ಎಂದು ಅಕ್ಕನಿಗೆ ಫೋನು ಮಾಡಿ ಹೇಳಿದಳು.

ಬಂದಳಿಕೆಯ ಕಡೆ ಹೋದಾಗಲೆಲ್ಲ ನನಗೆ ಅಲ್ಲಿನ ಹಳೆಯ ಗುಡಿಗಳ ಶಾಸನಗಳ ನೆನಪಾಗುತ್ತದೆ. ಹಳಬರು ದಾನ ಕೊಟ್ಟ ಭೂಮಿಗೆ ಎಲ್ಲೆ ಹೇಳುವಾಗ ಕೆರೆ, ಹುತ್ತ, ಮರ, ನೆಟ್ಟ ಕಲ್ಲು ಎಂದು ಗುರುತು ಕೊಡುತ್ತಿದ್ದರು. ಅದೂ ಸಾಲದೆ ಎಲ್ಲೆ ಮೀರಿದವನಿಗೆ ಘೋರ ಶಾಪ ಹಾಕುತ್ತಿದ್ದರು. ಹುತ್ತ ಕರಗೀತು, ಮರ ಬಿದ್ದೀತು, ಶಾಪಕ್ಕೆ ಮಾತ್ರ ಸವಕಳಿಯಿಲ್ಲ. ನಮ್ಮ ರಿಸೀವರಿನ ಜೊತೆ ಶಾಪವೇನೂ ಬಂದಿರಲಿಲ್ಲ.

ಶಿವಣ್ಣನ ಹೊಲದ ದಿನ ಅದನ್ನು ಟೋಪಿಗೆ ಸಿಕ್ಕಿಸಿಕೊಂಡು ಬದುವಿನ ಮೇಲೆ ಹೊರಟೆ. ಅರ್ಧ ದಾರಿಗೆ ಎದುರಿನಿಂದ ಹನುಮವ್ವ ಬಂದಳು. ತಲೆಯ ಮೇಲೆ ಸೊಪ್ಪಿನ ಹೊರೆ, ಹಿಂದೆ ಕುರಿಗಳ ಸಾಲು. ಬದುವಿನ ಮೇಲೆ ಎದುರಾದರೆ ಬರಿಗೈಯವನು ಇಳಿದು ಹೊರೆಯವರಿಗೆ ದಾರಿ ಬಿಡಬೇಕು. ಇದನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಇಳಿಯುವಾಗಲೂ ಬೆಳೆದ ಪೈರನ್ನು ತುಳಿಯಬಾರದು. ಹಾಗಾಗಿ ಈಚೆಯ ಬೀಳುನೆಲಕ್ಕೆ ಇಳಿದೆ, ಕುರಿಗಳು ದಾಟುವವರೆಗೆ ಅಲ್ಲೇ ನಡೆದೆ, ಆಮೇಲೆ ಬದು ಹತ್ತಿ ಸುತ್ತು ಮುಗಿಸಿದೆ. ನನ್ನ ಮರ್ಯಾದೆಯನ್ನು ರಿಸೀವರು ಹೆಜ್ಜೆ ತಪ್ಪದೆ ಬರೆದುಕೊಂಡಿತ್ತು.

ಸುಮಾ ಡ್ರೋನಿಗೆ ಔಷಧಿ ತುಂಬಿ ಪರದೆ ನೋಡುತ್ತಿದ್ದಳು. ಗೆರೆಯ ಒಂದು ಕಡೆ ಹೊಟ್ಟೆ ಉಬ್ಬಿತ್ತು. ಅವಳ ಬೆರಳು ಅಲ್ಲೇ ನಿಂತಿತು.

"ರೀ, ಇಲ್ಲಿ ಯಾಕೆ ಹೊರಗೆ ಹೋಗೀರಿ?"

ಹೇಳಿದೆ. ಅವಳು ಬೈಯಲಿಲ್ಲ. ಡ್ರೋನಿನ ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಉಬ್ಬಿದ್ದಷ್ಟೂ ಹನುಮವ್ವನ ಹುಲ್ಲು. ಟ್ಯಾಬ್ಲೆಟ್ಟು ಸುಳ್ಳು ಹೇಳುತ್ತದೆಂದು ಇಷ್ಟು ದಿನ ದೂರಿದ್ದೆವು. ಈಗ ನಿಜ ಹೇಳುವ ಯಂತ್ರ ತಂದಿದ್ದೆವು. ಅದು ಹೇಳಿದ್ದು ನಾನು ನಡೆದದ್ದನ್ನು, ಶಿವಣ್ಣನ ಎಲ್ಲೆಯನ್ನಲ್ಲ. ಅಗ್ಗವೋ ದುಬಾರಿಯೋ, ಅದನ್ನು ಹೊತ್ತು ನಡೆಯುವವನು ಎಲ್ಲಿ ಕಾಲಿಟ್ಟನೆಂಬುದೇ ಕೊನೆಗೆ ಉಳಿಯುವುದು.

ಹನುಮವ್ವನಿಂದ ಮುಚ್ಚಿಡುವುದು ಬೇಡವೆಂದು ಸುಮಾ ತಾನೇ ಹೋಗಿ ನಡೆದದ್ದನ್ನೆಲ್ಲ ಹೇಳಿ ಬಂದಳು. ಹಳೆಯ ಗೆರೆ ಅಳಿಸಿ ನಾನು ಮತ್ತೆ ಹೊರಟೆ. ಅರ್ಧ ದಾರಿಗೆ ಹನುಮವ್ವ ಇನ್ನೊಂದು ಹೊರೆ ಹೊತ್ತು ಎದುರಿಗೇ ಬಂದಳು. ಅಭ್ಯಾಸಬಲ, ನನ್ನ ಕಾಲು ಇಳಿಯಲು ಎದ್ದೇಬಿಟ್ಟಿತು. ಅಷ್ಟರಲ್ಲಿ ಅವಳೇ ಹೊರೆಗೆ ಒಂದು ಕೈ ಆನಿಸಿ, ಕುತ್ತಿಗೆ ಬಿಗಿಹಿಡಿದು, ತನ್ನ ಬೀಳಿಗೆ ಮೆಲ್ಲನೆ ಇಳಿದು ನಿಂತಳು.

"ನೀವು ಮ್ಯಾಲೇ ನಡೀರಿ ಮೇಷ್ಟ್ರೆ," ಎಂದಳು. "ಇವತ್ತು ನನ್ನದಕ್ಕಿಂತ ನಿಮ್ಮ ಹೊರೆ ಭಾರ ಐತಿ."

ಜನ್ಮದಲ್ಲಿ ಮೊದಲ ಸಲ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿಗೆ ದಾರಿ ಬಿಡದೆ ನಾನು ಮುಂದೆ ನಡೆದೆ.