ಊಟದ ಕುರ್ಚಿಗಳ ಮೇಲೆ ಜಪಾನಿನ ರೈಲು

ನಾರ್ತ್‌ವಿಲ್‌ನ ನಮ್ಮ ಮನೆಯ ಹಜಾರದಲ್ಲಿ ಊಟದ ಕುರ್ಚಿಗಳು ರೈಲಾಗಿದ್ದವು. ಪಕ್ಕದ ಮನೆಯ ಜಪಾನಿ ಆಂಟಿ ತೋಳು ಚಾಚಿ ಸ್ಟೇಷನ್ನಿನ ಗೇಟಾಗಿ ನಿಂತಿದ್ದರು. ಅಪ್ಪ ಇಸ್ಪೀಟಿನ ಎಲೆಯೊಂದನ್ನು ಟಿಕೆಟ್ ಎಂದು ಅವರ ಒಂದು ಕೈಗೆ ಕೊಟ್ಟು, ಇನ್ನೊಂದು ಕೈಯಿಂದ ವಾಪಸು ಪಡೆಯದೆ ನಡೆದೇಬಿಟ್ಟರು.

“ಟಿಕೆಟ್, ಟಿಕೆಟ್!” ಎಂದು ಆಂಟಿ ಕೂಗಿದರು. ಯಂತ್ರ ನುಂಗಿದ ಟಿಕೆಟ್ ಗೇಟಿನ ಆಚೆ ಬದಿಯಲ್ಲಿ ಹೊರಬರುತ್ತದೆ, ಇಳಿದ ಮೇಲೆ ಹೊರಗೆ ಹೋಗಲು ಅದೇ ಬೇಕು ಎಂದು ಮತ್ತೊಮ್ಮೆ ವಿವರಿಸಿದರು.

“ನಿಮ್ಮಪ್ಪ ಸ್ಟೇಷನ್ನಲ್ಲೇ ಸಿಕ್ಕಾಕೊಂಡ್ರೆ ನಾನಂತೂ ಒಬ್ಳೇ ಊರು ನೋಡ್ಕೊಂಡು ಬರ್ತೀನಿ,” ಎಂದು ಅಮ್ಮ ನಕ್ಕರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಕೂತಲ್ಲಿಂದಲೇ, ಫೋನಿಲ್ಲದೆಯೂ ಮೈಸೂರಿನ ಚಿಕ್ಕಮ್ಮನಿಗೆ ಕೇಳುವಷ್ಟು ಜೋರಾಗಿ ಮಾತು ಶುರುಮಾಡಿದರು. ಆಂಟಿ ತುಟಿಗೆ ಬೆರಳಿಟ್ಟರು. ಜಪಾನಿನಲ್ಲಿ ರೈಲಿನಲ್ಲಿ ಕೂತು ಫೋನಿನಲ್ಲಿ ಯಾರೂ ಮಾತಾಡುವುದಿಲ್ಲ.

ನನಗೆ ರಜೆ ಸಿಕ್ಕಿರಲಿಲ್ಲ. ಮೊದಲ ಸಲ ಜಪಾನಿಗೆ ಹೊರಟಿದ್ದ ಅಪ್ಪ ಅಮ್ಮ ಇಬ್ಬರೇ ಎಲ್ಲವನ್ನೂ ನಿಭಾಯಿಸಬೇಕಿತ್ತು. ಆ ಭಾನುವಾರದ ನನ್ನ ಡೈರಿಯಲ್ಲಿ ಹೀಗಿದೆ: ಅಪ್ಪ ಗೇಟು ದಾಟಿದ್ದು ಆರು ಸಲ, ಟಿಕೆಟ್ ಮರೆತದ್ದು ನಾಲ್ಕು ಸಲ. ಅಮ್ಮನಿಗೆ ಫೋನ್ ಬಂದದ್ದು ಮೂರು ಸಲ, ಎತ್ತಿದ್ದೂ ಮೂರು ಸಲ. ನನಗೆ ಧೈರ್ಯ ಬರಲಿಲ್ಲ.

ಅವರು ಹೋದ ನಾಲ್ಕನೇ ದಿನ ಫೋನ್ ಮಾಡಿದೆ. ಅಮ್ಮ ಕಟ್ ಮಾಡಿದರು. ಎಂದೂ ಹಾಗೆ ಮಾಡಿದವರಲ್ಲ. ನಿಮಿಷದೊಳಗೆ ಮೆಸೇಜ್ ಬಂತು: “ಟ್ರೇನಲ್ಲಿದೀವಿ. ಇಳಿದ್ಮೇಲೆ ಮಾಡ್ತೀನಿ. ಟಿಕೆಟ್ ನಿಮ್ಮಪ್ಪನ ಜೇಬಲ್ಲೇ ಇದೆ.”

ಪಕ್ಕದ ಮನೆಗೆ ಹೋಗಿ ಅದನ್ನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬಾಗಿಲಲ್ಲೇ ತೋಳು ಚಾಚಿ ಮತ್ತೆ ಗೇಟಾಗಿ ನಿಂತು ನಕ್ಕರು. ಡೈರಿಯ ಆ ಭಾನುವಾರದ ಪುಟದಲ್ಲಿ ಈಗ ಎರಡು ಸರಿ ಗುರುತುಗಳಿವೆ.