ಉಳಿದ ಎಂಟಾಣೆ

ತಾಂಡ್ಯದ ಫ್ಯಾಕ್ಟರಿಯಲ್ಲಿ ನನಗೆ ಇಂಟರ್‌ವ್ಯೂ ಇತ್ತು. ಅಚ್ಚುಕಟ್ಟಾಗಿ ಕಾಣಲೆಂದು ನಂಜನಗೂಡು ಬಸ್ ಸ್ಟ್ಯಾಂಡಿನ ಎದುರು ಕಟಿಂಗ್ ಮಾಡಿಸಿಕೊಂಡೆ. ಖುಷಿಯಾಗಿ, "ಉಳಿದ ಎಂಟಾಣೆ ನೀವೇ ಇಟ್ಕೊಳ್ಳಿ" ಎಂದು ಎದ್ದೆ. ಕಟಿಂಗ್ ಮಾಡಿದ ಮುದುಕರು ಭುಜ ಹಿಡಿದು ನನ್ನನ್ನು ಮತ್ತೆ ಕುರ್ಚಿಗೆ ಕೂರಿಸಿದರು.

"ಕೆಲ್ಸ ಮಾಡ್ದೆ ಕಾಸು ಈಸ್ಕಳಾಕಿಲ್ಲ ಸಾ" ಎನ್ನುತ್ತಾ ನೆತ್ತಿಗೆ ಹರಳೆಣ್ಣೆ ಸುರಿದು ತಟ್ಟತೊಡಗಿದರು.

"ಇಂಟರ್‌ವ್ಯೂ ಇದೆ ಯಜಮಾನ್ರೇ!"

"ಅದ್ಕೇ, ತಲೆ ತಂಪಾಗಿರ್ಲಿ."

ಹಣೆಗೆ ಎಣ್ಣೆ ಇಳಿಸಿಕೊಂಡೇ ಸಾಹೇಬರ ಮುಂದೆ ಕೂತೆ. ಕೆಲಸದ ಆಸೆ ಬಿಟ್ಟೇಬಿಟ್ಟಿದ್ದೆ. ಅವರು ಒಮ್ಮೆ ಮೂಸಿ ನೋಡಿ ನಕ್ಕರು. "ಬಸ್ ಸ್ಟ್ಯಾಂಡ್ ಅಜ್ಜನಿಗೆ ಎಂಟಾಣೆ ಜಾಸ್ತಿ ಕೊಟ್ರಾ? ನಾನು ಒಂದ್ರೂಪಾಯಿ ಕೊಟ್ಟಿದ್ದೆ ಕಣ್ರೀ, ಬೆನ್ನಿಗೂ ತಿಕ್ಕಿ ಕಳಿಸಿದ್ರು."

ಕೆಲಸ ಸಿಕ್ಕಿತು. ಮುಂದಿನ ತಿಂಗಳು ಅದೇ ಅಂಗಡಿಗೆ ಹೋದೆ, ಸರಿಯಾದ ಚಿಲ್ಲರೆ ಹಿಡಿದುಕೊಂಡು.